ಪೋಡಿನಲ್ಲಿ ತೆರೆ ಕಟ್ಟಿದ ರಾತ್ರಿ: ನಮ್ಮ ಚಿತ್ರದ ನಾಲ್ಕನೇ ತಿಂಗಳು

ಹೋದ ಸಲ ಬರೆದಾಗ ಚಿತ್ರೀಕರಣ ಮುಗಿದಿತ್ತು, ಎಡಿಟಿಂಗ್ ಶುರುವಾಗಿರಲಿಲ್ಲ. ಈಗ 18 ನಿಮಿಷದ ಕಚ್ಚಾ ಪ್ರತಿ ಇದೆ. ಅದನ್ನು ಒಂದು ಸಲ ಪೋಡಿನಲ್ಲಿ, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಯಲ್ಲಿ, ತೋರಿಸಿಯೂ ಆಯಿತು. ತೋರಿಸಿದ ಮೇಲೆ ಅರ್ಧ ಚಿತ್ರ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇವೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಬಿಳಿಗಿರಿರಂಗನ ಬೆಟ್ಟದ ಮೂವರು ಸೋಲಿಗ ವಿದ್ಯಾರ್ಥಿಗಳು, ಇಬ್ಬರು ಹುಡುಗರು ಮತ್ತು ಒಬ್ಬಳು ಹುಡುಗಿ, ತಮ್ಮ ಹಿರಿಯರ ತರಗು ಬೆಂಕಿಯ ಬಗ್ಗೆ ಮಾಡುತ್ತಿರುವ ಚಿತ್ರ ಇದು. ನಾನು ಸೋಲಿಗನಲ್ಲ. ಪ್ರೊಜೆಕ್ಟರ್, ಮೈಕ್, ಲ್ಯಾಪ್‌ಟಾಪ್, ಗಾಡಿ ನನ್ನವು. ಏನು ತೋರಿಸಬೇಕು, ಏನು ಬಿಡಬೇಕು ಅನ್ನೋದು ಅವರದು.

ತರಗು ಅಂದರೆ ಉದುರಿದ ಒಣ ಎಲೆ. ಬೇಸಿಗೆ ಬಲಿಯುವ ಮೊದಲೇ ಅದಕ್ಕೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ನೆಲ ಸವರಿಕೊಂಡು ಹೋಗಿ ತಾನೇ ಆರುವ ಬೆಂಕಿ. ಅದರಿಂದ ಹುಲ್ಲು ಚೆನ್ನಾಗಿ ಚಿಗುರುತ್ತಿತ್ತು, ನೆಲ್ಲಿ ಮರಕ್ಕೆ ಬಂದಳಿಕೆ ಅನ್ನೋ ಪರಾವಲಂಬಿ ಗಿಡ ಹತ್ತುತ್ತಿರಲಿಲ್ಲ, ಲಂಟಾನ ಕಳೆ ಹೀಗೆ ಆಳೆತ್ತರ ಹಬ್ಬಿರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು. ಕಾಡಿನ ಬೇಸಾಯವೂ ನಿಂತಿತು, ಬೆಂಕಿಯೂ ನಿಂತಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಮರದ ಪಾಚಿ (ಕಲ್ಲುಹೂವು) ತರಬಹುದು. ಬೆಂಕಿ ಮಾತ್ರ ಇವತ್ತಿಗೂ ಹಾಕುವಂತಿಲ್ಲ.

ಹಾಗಾಗಿ ಬೆಂಕಿಯೇ ಇಲ್ಲದೆ ಬೆಂಕಿಯ ಚಿತ್ರ ಮಾಡಬೇಕಿತ್ತು. ದಾರಿ ತೋರಿಸಿದ್ದು ಒಬ್ಬ ಅಜ್ಜ. ತರಗಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಅಂಗೈ ಕೆಳಗೆ ಮಾಡಿ, ಬೆರಳು ಅಲುಗಿಸುತ್ತಾ ಬೆಂಕಿ ಹೇಗೆ ಸಾಗುತ್ತಿತ್ತು ಅಂತ ತೋರಿಸಿದರು. ಕಲ್ಲು ಬಂದ ಕಡೆ ಕೈ ಸುತ್ತಿಕೊಂಡು ಹೋಯಿತು. ಹಸಿ ನೆಲ ಬಂದ ಕಡೆ ಮುಷ್ಟಿ ಮುಚ್ಚಿದರು. ಬೆಂಕಿ ಆರಿತು. ಮೈಕಿನಲ್ಲಿ ಎಲೆಗಳ ಸರಸರ ಅಷ್ಟೇ. ನನಗೆ ಇಡೀ ಚಿತ್ರದಲ್ಲಿ ಅದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ.

ಪ್ರದರ್ಶನದ ದಿನ ಜನರೇಟರ್ ಒಯ್ಯಲಿಲ್ಲ. ಅದರ ಸದ್ದಿಗೆ ಮಾತು ಕೇಳುವುದಿಲ್ಲ, ಸುತ್ತ ಆನೆ ಓಡಾಡುವ ಜಾಗ ಬೇರೆ. ಕಾರಿನ 12 ವೋಲ್ಟ್ ಬ್ಯಾಟರಿಗೆ ಇನ್ವರ್ಟರ್ ಕೊಟ್ಟು ಪ್ರೊಜೆಕ್ಟರ್ ಓಡಿಸಿದೆವು. ಚಿಕ್ಕ ಸ್ಪೀಕರ್ ಒಂದೇ. ಎರಡು ಬಿಳಿ ಪಂಚೆ ಸೇರಿಸಿ ಹೊಲಿದ ತೆರೆ. ಹೊಲಿಗೆ ಸರಿಯಾಗಿ ಎಲ್ಲರ ಮುಖದ ಮೇಲೇ ಬಂತು. ಮುಂದಿನ ಸಲಕ್ಕೆ ಒಂದೇ ಅಗಲದ ಬಟ್ಟೆ ಬೇಕು.

ಅಜ್ಜನ ಕೈ ತೆರೆಯ ಮೇಲೆ ಬಂದಾಗ ಎಲ್ಲರೂ ಸುಮ್ಮನಾದರು. ಮುಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಒಪ್ಪಲಿಲ್ಲ. "ಬೆಂಕಿ ಓಡ್ತಿರಲಿಲ್ಲ, ನಡೀತಿತ್ತು" ಅಂದರು. ಅವರ ಮಾತು ನಿಜ. ಉದ್ದ ಜಾಸ್ತಿಯಾಯಿತು ಅಂತ ಆ ಜಾಗದ ವೇಗ ಒಂದೂವರೆ ಪಟ್ಟು ಮಾಡಿದ್ದೆವು. ಅಜ್ಜಿಗೆ ಅದನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಅರ್ಧ ಗಂಟೆ ಹಿರಿಯರಲ್ಲೇ ಚರ್ಚೆ ನಡೆಯಿತು: ಯಾವ ತಿಂಗಳು, ಎಂಥ ಗಾಳಿಗೆ, ಯಾರು ಮೊದಲು ಕೊಡುತ್ತಿದ್ದರು ಅಂತ. ಹುಡುಗಿ ಅದನ್ನೂ ರೆಕಾರ್ಡ್ ಮಾಡಿಕೊಂಡಳು. ಇಷ್ಟು ದಿನದ ಸಂದರ್ಶನಗಳಲ್ಲಿ ಸಿಗದ ಮಾತು ಆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಕಚ್ಚಾ ಪ್ರತಿಯನ್ನು ಮೊದಲು ಪೋಡಿಗೇ ತೋರಿಸಬೇಕು ಅಂತ ಅವಳು ಹಟ ಹಿಡಿದಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಈಗ ಅಜ್ಜನ ಕೈ ತನ್ನ ವೇಗಕ್ಕೇ ಮರಳಿದೆ. ಪುಸ್ತಕದ ಕನ್ನಡದಲ್ಲಿ ಹೇಳಿಸಿದ್ದ ಹಿನ್ನೆಲೆ ಮಾತು ತೆಗೆದು ಸೋಲಿಗರ ನುಡಿಯಲ್ಲೇ ಹೇಳಿಸುತ್ತಿದ್ದೇವೆ. ಕನ್ನಡ ಹೊರಗಿನವರಿಗೆ, ಅಕ್ಷರದಲ್ಲಿ, ಕೆಳಗೆ. ಒಂದು ದೇವರ ಜಾಗಕ್ಕೆ ಹೋಗುವ ಕಾಲುದಾರಿ 40 ಸೆಕೆಂಡ್ ಕಾಣುತ್ತಿತ್ತು. ಅದು ಬೇಡ ಅಂದರು. ತೆಗೆದೆವು. ತುಂಬಾ ಚೆಂದದ ಬೆಳಕಿತ್ತು ಅಲ್ಲಿ, ಆದರೂ ಮರುಮಾತಾಡಲಿಲ್ಲ.

ರಾತ್ರಿ ಅಲ್ಲೇ ಉಳಿದೆವು. ರಾಗಿ ರೊಟ್ಟಿ ತಿನ್ನುತ್ತಾ ಹುಡುಗರಿಗೆ ಕೆನಡಾದ ಇಗ್ಲೂಲಿಕ್ ಊರಿನ ವಿಷಯ ಹೇಳಿದೆ. ಟಿವಿಯಲ್ಲಿ ತಮ್ಮ ಇನುಕ್ಟಿಟುಟ್ ಭಾಷೆ ಇಲ್ಲ ಅಂತ ಅಲ್ಲಿನ ಮೂಲನಿವಾಸಿ ಇನುಯಿಟ್ ಜನ ಎರಡು ಸಲ ಮತ ಹಾಕಿ ಟಿವಿಯನ್ನೇ ಬೇಡ ಅಂದಿದ್ದರು. ಅದೇ ಊರಿನ ಜಕರಿಯಾಸ್ ಕುನುಕ್ ಕಲ್ಲಿನ ಕೆತ್ತನೆ ಮಾರಿ 1981ರಲ್ಲಿ ವಿಡಿಯೋ ಕ್ಯಾಮೆರಾ ಕೊಂಡರು. 20 ವರ್ಷದ ಮೇಲೆ ಅವರ ಭಾಷೆಯಲ್ಲೇ ಮಾಡಿದ ಕಥಾಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಹುಡುಗರಿಗೆ ಪ್ರಶಸ್ತಿಗಿಂತ ಟಿವಿ ಬೇಡ ಅಂದಿದ್ದೇ ಹಿಡಿಸಿತು. ಹುಡುಗಿ ಕೇಳಿದ್ದು ಬೇರೆ: ನಮ್ಮ ಹತ್ತಿರ ಯಾರೂ ಇಲ್ವಾ, ಅದೂ ಹೆಂಗಸರು? ಇದ್ದಾರೆ. ಪಕ್ಕದ ವಯನಾಡಿನ ಪಣಿಯ ಸಮುದಾಯದ ಲೀಲಾ ಸಂತೋಷ್ ತಮ್ಮ ಜನರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಹೆಸರು ಫೋನಿನಲ್ಲಿ ಬರೆದುಕೊಂಡಳು.

ಕೆಲಸ ಇನ್ನೂ ಇದೆ. ಗಾಳಿಯ ಸದ್ದು ಹೊಕ್ಕಿರುವ ಎರಡು ಸಂದರ್ಶನ ಮತ್ತೆ ಮಾಡಬೇಕು. ಎಲ್ಲ ಫೈಲುಗಳ ಎರಡು ಪ್ರತಿ ಆಗಿವೆ. ಒಂದು ಹಾರ್ಡ್ ಡಿಸ್ಕ್ ಪೋಡಿನಲ್ಲೇ ಇರುತ್ತದೆ, ಸ್ಟೀಲ್ ಡಬ್ಬಿಯಲ್ಲಿ, ಅಕ್ಕಿಯ ನಡುವೆ. ಮಳೆಗಾಲದ ತೇವ ತಾಗದಿರಲಿ ಅಂತ.

ಹೋದ ವಾರ ಹುಡುಗಿ ಆ ಅಜ್ಜಿಯ ಮನೆಗೆ ಒಬ್ಬಳೇ ಫೋನ್ ಹಿಡಿದು ಹೋಗಿದ್ದಳು. 23 ನಿಮಿಷ ಎಲ್ಲೂ ನಿಲ್ಲಿಸದೆ ತೆಗೆದಿದ್ದಾಳಂತೆ. ನನಗೆ ಇನ್ನೂ ತೋರಿಸಿಲ್ಲ. ಮೊದಲು ಪೋಡಿಗೆ ತೋರಿಸುತ್ತಾಳಂತೆ. ಬೆಳದಿಂಗಳಿದ್ದರೆ ತೆರೆ ಮಂಕಾಗುತ್ತದೆ, ಹಾಗಾಗಿ ಅಮಾವಾಸ್ಯೆಯ ಆಸುಪಾಸಿಗೆ ಬ್ಯಾಟರಿ ಚಾರ್ಜ್ ಮಾಡಿಕೊಂಡು ಬನ್ನಿ ಅಂತ ನನಗೆ ಹೇಳಿದ್ದಾಳೆ.