ಜನವರಿಯ ಹಬ್ಬ, ಆಗಸ್ಟಿನ ಬೀದಿ

ಶನಿವಾರ ಸಂಜೆ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಇಳಿದಾಗ ಅಂಗಡಿಯವರು ತಮ್ಮ ಗಾಜಿನ ಮೇಲೆ ಪ್ಲೈವುಡ್ ಜಡಿಯುತ್ತಿದ್ದರು. ಹಬ್ಬವೆಂದರೆ ಹೊಸ್ತಿಲು ತೊಳೆದು ತೋರಣ ಕಟ್ಟುವುದು ಎಂದು ತಿಳಿದವನಿಗೆ ಇದು ವಿಚಿತ್ರ ಸ್ವಾಗತ. ಆಗಸ್ಟ್ ಕೊನೆಯ ಸೋಮವಾರದ ರಜೆಗೂ ಅದರ ಹಿಂದಿನ ಭಾನುವಾರಕ್ಕೂ ಇಲ್ಲಿ ಕೆರಿಬಿಯನ್ ಜನರ ಕಾರ್ನಿವಲ್, ವೇಷ ಕಟ್ಟಿ ಕುಣಿಯುವ ಮೆರವಣಿಗೆಯ ಹಬ್ಬ. ಲಕ್ಷಗಟ್ಟಲೆ ಜನ ಸೇರುತ್ತಾರೆ.

ಆದರೆ ನಾನು ಅಂದು ಬೆಳಿಗ್ಗೆ ಮೊದಲು ಹೋಗಿದ್ದು ಯೂಸ್ಟನ್ ರಸ್ತೆಯ ಕ್ಯಾಮ್ಡನ್ ಟೌನ್ ಹಾಲ್‌ಗೆ. 1959ರಲ್ಲಿ ಅದರ ಹೆಸರು ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್. ಹಿಂದಿನ ವರ್ಷದ ಬೇಸಿಗೆಯ ಕೊನೆಯಲ್ಲಿ ನಾಟಿಂಗ್ ಹಿಲ್‌ನ ಬೀದಿಗಳಲ್ಲಿ ಬಿಳಿಯ ಯುವಕರ ಗುಂಪುಗಳು ಕರಿಯರ ಮನೆಗಳ ಮೇಲೆ ಬಿದ್ದಿದ್ದವು. ಅದಕ್ಕೆ ಉತ್ತರವಾಗಿ ಕ್ಲಾಡಿಯಾ ಜೋನ್ಸ್ ಒಂದು ಹಬ್ಬವನ್ನೇ ಕಟ್ಟಿದಳು. ಟ್ರಿನಿಡಾಡಿನಲ್ಲಿ ಹುಟ್ಟಿ, ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಅಮೆರಿಕದಲ್ಲಿ ಜೈಲು ಕಂಡು, ಅಲ್ಲಿಂದ ಗಡೀಪಾರಾಗಿ ಲಂಡನ್ ಸೇರಿದವಳು. ಬ್ರಿಕ್ಸ್‌ಟನ್‌ನಿಂದ 'ವೆಸ್ಟ್ ಇಂಡಿಯನ್ ಗೆಜೆಟ್' ಪತ್ರಿಕೆ ನಡೆಸುತ್ತಿದ್ದಳು. 1959ರ ಜನವರಿ 30ರಂದು ಈ ಕಟ್ಟಡದೊಳಗೆ ಕಾರ್ನಿವಲ್ ನಡೆಯಿತು, ಬಿಬಿಸಿ ಅದನ್ನು ಟಿ.ವಿ.ಯಲ್ಲಿ ತೋರಿಸಿತು. ನನ್ನನ್ನು ಹಿಡಿದು ನಿಲ್ಲಿಸುವುದು ಅಂದಿನ ಸ್ಮರಣ ಸಂಚಿಕೆಯ ಒಂದು ಸಾಲು: ಮಾರಾಟದ ಹಣದಲ್ಲಿ ಒಂದು ಪಾಲು, ಗಲಭೆಯಲ್ಲಿ ಸಿಕ್ಕಿಬಿದ್ದ ಯುವಕರ ದಂಡ ಕಟ್ಟಲು. ಕರಿಯ ಯುವಕರದ್ದಷ್ಟೇ ಅಲ್ಲ, ಬಿಳಿಯರದ್ದೂ.

ಸಭಾಂಗಣದ ಹಬ್ಬ ಬೀದಿಗೆ ಬಂದದ್ದು 1966ರಲ್ಲಿ. ರಾನ್ ಲ್ಯಾಸ್ಲೆಟ್ ಎಂಬಾಕೆ ಕೇರಿಯ ಮಕ್ಕಳಿಗಾಗಿ ಏರ್ಪಡಿಸಿದ್ದ ಜಾತ್ರೆಯಲ್ಲಿ ರಸೆಲ್ ಹೆಂಡರ್ಸನ್ ತಮ್ಮ ಸ್ಟೀಲ್ ಬ್ಯಾಂಡ್ (ಉಕ್ಕಿನ ಡ್ರಮ್ಮುಗಳ ವಾದ್ಯತಂಡ) ಜೊತೆ ನುಡಿಸುತ್ತಲೇ ನಡೆದುಬಿಟ್ಟರು. ಜನ ಹಿಂದೆ ಹೊರಟರು. ಕ್ಲಾಡಿಯಾ, ರಾನ್, ಈ ಇಬ್ಬರು ಹೆಂಗಸರಲ್ಲಿ ಹಬ್ಬದ ನಿಜವಾದ ತಾಯಿ ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಒಂದು ಕೂಸಿಗೆ ಹೆತ್ತವಳೂ ಸಾಕಿದವಳೂ ಇರಬಾರದೇ?

ಭಾನುವಾರ ಲ್ಯಾಡ್‌ಬ್ರೋಕ್ ಗ್ರೋವ್ ನಿಲ್ದಾಣ ಮುಚ್ಚಿತ್ತು. ದೂರದಿಂದ ನಡೆದೇ ಹೋದೆ. ಎದೆಯೊಳಗೆ ತಮಟೆ ಬಡಿದಂತೆ ಸ್ಪೀಕರುಗಳ ಸದ್ದು. ಒಂದು ಲಾರಿಯ ಪಕ್ಕ, ಬೆನ್ನಿಗೆ ಹಸಿರು ಗರಿಗಳ ದೊಡ್ಡ ಪ್ರಭಾವಳಿ ಕಟ್ಟಿಕೊಂಡ ವೃದ್ಧೆ ಕಳಚಿದ ಗರಿಗೆ ದಾರ ಹಾಕುತ್ತಿದ್ದರು. ಟ್ರಿನಿಡಾಡಿನವರು. ಅಲ್ಲಿ ಕಾರ್ನಿವಲ್ ಬರುವುದು ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಇಲ್ಲೇಕೆ ಆಗಸ್ಟ್ ಎಂದು ಕೇಳಿದೆ.

"ಲಂಡನ್ನಿನ ಫೆಬ್ರವರಿಯಲ್ಲಿ ಗರಿ ಕಟ್ಟಿಕೊಂಡು ಹೊರಗೆ ಬಂದರೆ ಹಕ್ಕಿಯೂ ಸಾಯುತ್ತದೆ, ಸ್ವಾಮಿ. ನಾವು ಹಬ್ಬ ತಂದೆವು, ಪಂಚಾಂಗ ಅಲ್ಲೇ ಬಿಟ್ಟೆವು" ಎಂಬರ್ಥದಲ್ಲಿ ಅವರು ಹೇಳಿದ್ದನ್ನು ನನ್ನ ಕನ್ನಡಕ್ಕೆ ಒಗ್ಗಿಸಿಕೊಂಡಿದ್ದೇನೆ.

ಮಧ್ಯಾಹ್ನ ಮೂರಕ್ಕೆ ಎಲ್ಲ ಸದ್ದೂ ನಿಂತಿತು. ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡ ಇಲ್ಲಿಗೆ ಹತ್ತಿರ. ಅಲ್ಲಿ 2017ರ ಬೆಂಕಿಯಲ್ಲಿ ಸತ್ತ 72 ಜನರಿಗಾಗಿ 72 ಸೆಕೆಂಡು ಮೌನ. ಕುಣಿಯುತ್ತಿದ್ದವರ ಗೆಜ್ಜೆ, ಮಣಿಗಳು ಮಾತ್ರ ಉಸಿರಾಟಕ್ಕೆ ಸಣ್ಣಗೆ ಅಲುಗಿದವು. ಎಪ್ಪತ್ತೆರಡು ಸೆಕೆಂಡು ಎಷ್ಟು ಉದ್ದ ಎಂಬುದು ಅಷ್ಟು ಜನರ ನಡುವೆ ನಿಂತರೆ ಗೊತ್ತಾಗುತ್ತದೆ. ಆಮೇಲೆ ಎಣ್ಣೆಯ ಡ್ರಮ್ಮನ್ನು ಬಡಿದು ಮಾಡಿದ ಸ್ಟೀಲ್‌ಪ್ಯಾನ್‌ಗಳು ಮತ್ತೆ ನುಡಿಯತೊಡಗಿದವು.

ಮಂಗಳವಾರ ಟಿಕೆಟ್ ಕೊಂಡು ಹೈಗೇಟ್ ಸ್ಮಶಾನಕ್ಕೆ ಹೋದೆ. 1964ರ ಡಿಸೆಂಬರಿನಲ್ಲಿ ತೀರಿಕೊಂಡ ಕ್ಲಾಡಿಯಾಳ ಸಮಾಧಿ ಕಾರ್ಲ್ ಮಾರ್ಕ್ಸ್‌ನ ಎಡಕ್ಕಿದೆ. ಹಬ್ಬ ಬೀದಿಗೆ ಇಳಿದದ್ದನ್ನು ಅವಳು ನೋಡಲೇ ಇಲ್ಲ. ಮಾರ್ಕ್ಸ್‌ನ ಭಾರೀ ತಲೆಯ ಪ್ರತಿಮೆಯ ಮುಂದೆ ಜನ ಸರದಿಯಲ್ಲಿದ್ದರು. ಕ್ಯಾಮೆರಾ ಹಿಡಿದ ಹುಡುಗನೊಬ್ಬ, "ಅಡ್ಡ ಬರುತ್ತಿದ್ದೀರಿ, ಸ್ವಲ್ಪ ಎಡಕ್ಕೆ ಸರಿಯುತ್ತೀರಾ?" ಎಂದ.

ಸರಿದು ನಿಂತೆ.