‘ಮನೇಲೇ ಇರ್ತಾಳೆ’ ಅಂದ ಕೂಡಲೇ 92 ಹಾಕಬೇಡಿ

ಪಿಎಲ್‌ಎಫ್‌ಎಸ್ (ಮನೆಮನೆಗೆ ಹೋಗಿ ಯಾರು ಏನು ಕೆಲಸ ಮಾಡುತ್ತಾರೆಂದು ಕೇಳುವ ಸರ್ಕಾರಿ ಸಮೀಕ್ಷೆ) ಫೀಲ್ಡಿಗೆ ಹೊಸದಾಗಿ ಬಂದವರಿಗಾಗಿ ಇದು. ಗಂಡ ಬಾಗಿಲಲ್ಲೇ ನಿಂತು, "ಅವಳೇನ್ ಕೆಲ್ಸ ಮಾಡ್ತಾಳೆ ಸಾರ್, ಮನೇಲೇ ಇರ್ತಾಳೆ" ಅಂತಾನೆ. ಟ್ಯಾಬಿನಲ್ಲಿ 92, ಅಂದರೆ ‘ಮನೆಗೆಲಸ ಮಾತ್ರ’ ಎಂಬ ಕೋಡ್, ಒತ್ತಿದರೆ ಎನ್‌ಐಸಿ (ಉದ್ಯಮದ ಕೋಡ್), ಎನ್‌ಸಿಓ (ಕಸುಬಿನ ಕೋಡ್) ಯಾವುದೂ ತುಂಬಬೇಕಿಲ್ಲ, ಎರರ್ರೂ ಬರುವುದಿಲ್ಲ. ಎಂಟು ವರ್ಷದ ಹುಡುಗನಿಗೆ 31 (ಕಾಯಂ ಸಂಬಳದ ಕೆಲಸ) ಹಾಕಿದರೆ ಸ್ಕ್ರುಟಿನಿಯಲ್ಲಿ ಸಿಕ್ಕಿಬೀಳುತ್ತದೆ. ತಪ್ಪು 92 ಯಾರ ಕಣ್ಣಿಗೂ ಬೀಳದು. ದಿನಕ್ಕೆ ಎಷ್ಟು ಮನೆ ಮುಗಿಯಿತು ಎಂದಷ್ಟೇ ಕೇಳುವ ಮೇಲ್ವಿಚಾರಣೆಯಲ್ಲಂತೂ ಇದು ಬೆಳೆಯುತ್ತಲೇ ಹೋಗುತ್ತದೆ.

ಹಿತ್ತಲಲ್ಲಿ ಎರಡು ಹಸು ಇವೆ ಅಂದುಕೊಳ್ಳಿ. ‘ಕೆಲಸಕ್ಕೆ ಹೋಗ್ತೀರಾ’ ಎಂದರೆ ಆಕೆಯೂ ಇಲ್ಲ ಅಂತಾಳೆ. ಹಾಲು ಕರೆಯೋರು ಯಾರು, ಡೇರಿಗೆ ಹಾಕೋರು ಯಾರು, ದುಡ್ಡು ಯಾರ ಕೈಗೆ ಬರುತ್ತೆ, ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಆಕೆಯನ್ನೇ ಕೇಳಿ. ಪ್ರಿನ್ಸಿಪಲ್ ಸ್ಟೇಟಸ್ (ವರ್ಷದ ಹೆಚ್ಚು ಕಾಲದ ಸ್ಥಿತಿ) 92 ಆಗಿಯೇ ಉಳಿಯಬಹುದು. ಆದರೆ ವರ್ಷದಲ್ಲಿ ಕನಿಷ್ಠ 30 ದಿನ ಮಾಡಿದ್ದರೆ ಸಬ್ಸಿಡಿಯರಿ (ಉಪಕೆಲಸದ) ಸ್ಟೇಟಸ್ ಬರುತ್ತದೆ: ತಾನೇ ನಡೆಸುತ್ತಿದ್ದರೆ 11, ಮನೆಯವರ ಹೈನಿಗೆ ಕೈಜೋಡಿಸುತ್ತಿದ್ದರೆ 21. ಸಿಡಬ್ಲ್ಯೂಎಸ್‌ಗೆ (ವಾರದ ಲೆಕ್ಕದ ಸ್ಥಿತಿ) ಕಳೆದ 7 ದಿನದಲ್ಲಿ ಒಂದು ಗಂಟೆ ಸಾಕು. ಮನೆಬಳಕೆಗೆ ಸೌದೆ, ಸೊಪ್ಪು ಆಯ್ದು ತರುವುದಷ್ಟೇ ಆದರೆ 93. ಅದು ದುಡಿಮೆಯ ಲೆಕ್ಕಕ್ಕಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಇದು ಹೆಂಗಸರ ಲೆಕ್ಕಕ್ಕೆ ಮಾತ್ರ ಬಂದ ಕುತ್ತೂ ಅಲ್ಲ. ತಾಂಜಾನಿಯಾದಲ್ಲಿ ಬೇರೆಬೇರೆ ರೀತಿಯಲ್ಲಿ ಕೇಳಿ ಪ್ರಯೋಗ ಮಾಡಿದಾಗ, ಗಂಡಸರ ಪರವಾಗಿ ಮನೆಯ ಇನ್ನೊಬ್ಬರು ಉತ್ತರಿಸಿದ ಕಡೆ ಗಂಡಸರ ಉದ್ಯೋಗ ಪ್ರಮಾಣವೇ ತಗ್ಗಿತ್ತು. ಬಿಟ್ಟುಹೋದದ್ದು ಬಹುಪಾಲು ಹೊಲದ ಕೆಲಸ.

ನಮ್ಮಲ್ಲಿ 15 ತುಂಬಿದ ಹೆಂಗಸರಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವವರ ಪ್ರಮಾಣ 2017-18ರಲ್ಲಿ 23.3% ಇದ್ದದ್ದು 2023-24ಕ್ಕೆ 41.7% ಆಯಿತು. ಏರಿಕೆಯ ದೊಡ್ಡ ಪಾಲು ಹಳ್ಳಿಯ 11, 21ರದ್ದು. ಅದರಲ್ಲಿ ಹೊಸ ದುಡಿಮೆ ಎಷ್ಟು, ಮೊದಲೂ ಇದ್ದು ಈಗ ಎಣಿಕೆಗೆ ಸಿಕ್ಕಿದ್ದೆಷ್ಟು ಎಂದು ಆ ಒಂದು ಅಂಕಿಯಿಂದ ಬಿಡಿಸಲಾಗದು. ಅದೇ ವರ್ಷದ ನಿರುದ್ಯೋಗ 3.2% ಎಂದು ಬೀಗುವವರೂ ಕೋಡ್‌ವಾರು ಟೇಬಲ್ ತೆರೆದು ನೋಡಲಿ. ಸುಮ್ಮನೆ ಕೂತು ಉಣ್ಣಲಾಗದ ಮನೆಯವರು ಏನೋ ಒಂದು ಮಾಡುತ್ತಲೇ ಇರುತ್ತಾರೆ, 81ಕ್ಕೆ (ಕೆಲಸವಿಲ್ಲದೆ ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರ ಕೋಡ್) ಬರುವುದೇ ಇಲ್ಲ.

ದೇಶ ದೇಶ ಹೋಲಿಸುವವರಿಗೆ ಇನ್ನೊಂದು ತೊಡಕಿದೆ. ಉಣ್ಣಲಿಕ್ಕಷ್ಟೇ ಬೆಳೆಯುವುದು ಉದ್ಯೋಗವಲ್ಲ ಎಂದು 2013ರಲ್ಲಿ ಐಎಲ್‌ಓ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಕರೆದ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ ತೀರ್ಮಾನಿಸಿತು. ರುವಾಂಡಾ ಹಾಗೇ ಎಣಿಸುತ್ತದೆ. ಪಿಎಲ್‌ಎಫ್‌ಎಸ್‌ನಲ್ಲಿ ಅದು ಇಂದಿಗೂ ಕೆಲಸವೇ. ಒಂದೇ ಬಗೆಯ ರೈತ ಕುಟುಂಬ ಅಲ್ಲಿ ಹೊರಗೆ, ಇಲ್ಲಿ ಒಳಗೆ.