ಬಾಗಿಲಿನ ಜಗಳದಲ್ಲಿ ಗಾಳಿಯ ಮಾತೇ ಬರಲಿಲ್ಲ

"ಲಾಕ್‌ಡೌನ್ ಬೇಕಿತ್ತಾ, ಬೇಡವಾಗಿತ್ತಾ?" ಈಗಲೂ ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಎದ್ದುಬಿಡುತ್ತದೆ. ನಾನು ತಿರುಗಿ ಕೇಳುವುದು ಒಂದೇ ಮಾತು. ಯಾವ ನಿಯಮದ ಬಗ್ಗೆ ಕೇಳ್ತಿದ್ದೀರಿ? ಶಾಲೆ ಮುಚ್ಚಿದ್ದಾ? ಪಾರ್ಕಿಗೆ ಬೀಗ ಹಾಕಿದ್ದಾ? ಮಾಸ್ಕಾ? ರಸ್ತೆಗೆ ಔಷಧಿ ಹೊಡೆದದ್ದಾ? ಇವೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟು, ಕೆಲವರು ಆ ಕಡೆ ಕೆಲವರು ಈ ಕಡೆ ನಿಂತು ಕೂಗಾಡಿದರು. ಗಂಟು ಬಿಚ್ಚಿ ನೋಡಿದವರು ಕಡಿಮೆ.

ದೊಡ್ಡ ಕಟ್ಟಡಗಳ ಎಸಿ ಮತ್ತು ಗಾಳಿ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಡಕ್ಟ್ ಅಂದರೆ ಗಾಳಿ ಸಾಗುವ ಕೊಳವೆ, ಫಿಲ್ಟರ್, ಎಕ್ಸಾಸ್ಟ್ ಫ್ಯಾನ್, ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಡಾಕ್ಟರ್ ಅಲ್ಲ, ವೈರಸ್ ಬಗ್ಗೆ ಪಾಠ ಹೇಳುವಷ್ಟು ಓದಿಲ್ಲ. ಆದರೆ ಒಂದು ಕೋಣೆಯಲ್ಲಿ ಒಬ್ಬ ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಅಲ್ಲೇ ಸುತ್ತುತ್ತದೆ ಅನ್ನುವುದು ನನ್ನ ಕಸುಬು. ಹಾಗಾಗಿ 2020ರ ಜಗಳ ಕೇಳುವಾಗ ನನಗೆ ವಿಚಿತ್ರ ಅನಿಸುತ್ತಿತ್ತು. ಬಾಗಿಲು ತೆಗೀಬೇಕು ಅನ್ನುವವರೂ ಮುಚ್ಚಬೇಕು ಅನ್ನುವವರೂ ಬಾಗಿಲ ಬಗ್ಗೆಯೇ ಮಾತಾಡುತ್ತಿದ್ದರು. ಒಳಗಿರುವ ಗಾಳಿಯ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಮನೆಯಲ್ಲೇ ಎರಡೂ ಪಕ್ಷ ಇತ್ತು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಭಾವ ಒಂದು ಚಿಕ್ಕ ಜಿಮ್ ನಡೆಸುತ್ತಾರೆ. ಯಾರು ಯಾವ ಪಕ್ಷ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ಜಿಮ್ ತಿಂಗಳುಗಟ್ಟಲೆ ಮುಚ್ಚಿತ್ತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಭಾವನ ಸಿಟ್ಟು ಸುಮ್ನೆ ಬಂದದ್ದಲ್ಲ. "ಒಳಗೆ ಬೇಡ ಅಂದ್ರೆ ಒಪ್ಪಿದೆ ಮಾರಾಯ. ಬಯಲಲ್ಲಿ ಐದೈದು ಜನರನ್ನು ದೂರ ನಿಲ್ಲಿಸಿ ಕಸರತ್ತು ಮಾಡಿಸ್ತೀನಿ ಅಂದ್ರೂ ಬೇಡ ಅಂತಾರಲ್ಲ, ಆಕಾಶಕ್ಕೂ ಬೀಗ ಹಾಕಿದಾರಾ?" ಅಂತ ಕೇಳುತ್ತಿದ್ದರು. ಅಕ್ಕ ಉತ್ತರ ಕೊಡುತ್ತಿರಲಿಲ್ಲ. ಅವಳಿಗೆ ಬೇರೆಯೇ ತಲೆನೋವು. ಆಕೆಯ ವಾರ್ಡಿನಲ್ಲಿ ಕೊಟ್ಟಿದ್ದು ತೆಳ್ಳಗಿನ ಸರ್ಜಿಕಲ್ ಮಾಸ್ಕ್. ಎನ್‌95 ಬೇಕು ಅಂದರೆ, ಗಂಟಲಿಗೆ ಕೊಳವೆ ಇಳಿಸುವಂಥ ಕೆಲಸಕ್ಕೆ ಮಾತ್ರ ಅಂದರಂತೆ. "ರೋಗಿ ಗಂಟೆಗಟ್ಟಲೆ ಕೆಮ್ತಾ ಇರ್ತಾನೆ, ಅದು ಲೆಕ್ಕಕ್ಕಿಲ್ಲವಂತೆ ಕಣೋ" ಅಂತ ನನ್ನ ಹತ್ತಿರ ಹೇಳಿಕೊಂಡಿದ್ದಳು.

ನನಗೆ ಹೊಳೆದದ್ದು ಆಗ. ಇಬ್ಬರ ದೂರಿನ ಬೇರೂ ಒಂದೇ. ವೈರಸ್ ಹೇಗೆ ಹರಡುತ್ತದೆ ಅನ್ನುವ ಒಂದು ಹಳೆಯ ಲೆಕ್ಕ ಅದು.

2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಟ್ವಿಟರ್‌ನಲ್ಲಿ ಖಡಾಖಂಡಿತವಾಗಿ ಹೇಳಿತು: ಕೋವಿಡ್ ಗಾಳಿಯಲ್ಲಿ ಹರಡುವ ರೋಗ ಅಲ್ಲ. ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಹಾರುವ ಹನಿಗಳಿಂದ ಹರಡುತ್ತದೆ, ಆ ಹನಿಗಳು ಭಾರ, ಬೇಗ ನೆಲಕ್ಕೆ ಬೀಳುತ್ತವೆ ಅಂತ. ಅಂತರ ಕಾಯ್ದುಕೊಳ್ಳಿ, ಕೈ ತೊಳೆಯಿರಿ, ಮೇಜು ಒರೆಸಿ ಅನ್ನುವ ಸಲಹೆಗಳೆಲ್ಲ ನಿಂತದ್ದು ಇದರ ಮೇಲೆ. ಬೀಳುವ ಹನಿಯಾದರೆ ದೂರ ನಿಂತರೆ ಸಾಕು. ತೇಲುವುದಾದರೆ ದೂರ ನಿಂತ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು, ಕೋಣೆಯ ಗಾಳಿಯನ್ನೇ ಬದಲಾಯಿಸಬೇಕು.

ಆಗ ಪುಸ್ತಕಗಳಲ್ಲಿದ್ದ ಗೆರೆ 5 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದಕ್ಕಿಂತ ದೊಡ್ಡದು ಹನಿ, ಬೀಳುತ್ತದೆ. ಚಿಕ್ಕದು ತೇಲುತ್ತದೆ. ಈ ಸಂಖ್ಯೆ ನೋಡಿ ನನ್ನಂಥವರಿಗೆ ತಲೆ ಕೆರೆದುಕೊಳ್ಳುವ ಹಾಗಾಯಿತು. ಫಿಲ್ಟರ್ ಬಿಚ್ಚಿ ನೋಡಿದರೆ 10, 20 ಮೈಕ್ರಾನ್ ಧೂಳು ಡಕ್ಟ್ ತುಂಬ ಪ್ರಯಾಣ ಮಾಡಿ ಬಂದು ಕೂತಿರುತ್ತದೆ. ಅದೇನು ಎರಡು ಮೀಟರ್‌ಗೆ ಸುಸ್ತಾಗಿ ಬಿದ್ದಿರುತ್ತದಾ? 1930ರ ದಶಕದಲ್ಲೇ ವಿಲಿಯಂ ವೆಲ್ಸ್ ಎಂಬ ಅಮೆರಿಕದ ವಿಜ್ಞಾನಿ ಲೆಕ್ಕ ಹಾಕಿ ಇಟ್ಟಿದ್ದ. ಅವನ ಗೆರೆ ಇದ್ದದ್ದು 100 ಮೈಕ್ರಾನ್ ಹತ್ತಿರ. ಅದಕ್ಕಿಂತ ಚಿಕ್ಕ ಹನಿ ನೆಲ ಮುಟ್ಟುವ ಮೊದಲೇ ಒಣಗಿ ತೇಲತೊಡಗುತ್ತದೆ. ಹಾಗಾದರೆ 5 ಎಲ್ಲಿಂದ ಬಂತು? ಅಮೆರಿಕದ ವರ್ಜೀನಿಯಾದ ವಿಜ್ಞಾನಿ ಲಿನ್ಸಿ ಮಾರ್ ಮತ್ತು ಜೊತೆಯವರು ಹಳೆಯ ಕಡತಗಳನ್ನೆಲ್ಲ ಕೆದಕಿದರು. ಕ್ಷಯದ ಸಂಶೋಧನೆಯಲ್ಲಿ, ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ ಕಣ ಇಷ್ಟು ಚಿಕ್ಕದಿರಬೇಕು ಅಂತ ಒಂದು ಅಳತೆ ಇತ್ತು. ಅದು ತೇಲುವುದರ ಅಳತೆ ಅಲ್ಲವೇ ಅಲ್ಲ. ಎಲ್ಲೋ ಒಂದು ಕಡೆ ಎರಡೂ ಕಲಸಿಹೋಗಿ, ಹಾಗೇ ಪಠ್ಯದಿಂದ ಪಠ್ಯಕ್ಕೆ ನಕಲಾಗುತ್ತಾ ಬಂದಿತ್ತು.

ತಪ್ಪು ಇಷ್ಟು ದಶಕ ಹೇಗೆ ಉಳಿಯಿತು ಅನ್ನುವ ಕತೆ ಇನ್ನೂ ಮಜವಾಗಿದೆ. ಒಂದು ಕಾಲದಲ್ಲಿ ಎಲ್ಲ ರೋಗವೂ ಕೆಟ್ಟ ಗಾಳಿಯಿಂದ ಅಂತಲೇ ನಂಬಿದ್ದರು. 1854ರಲ್ಲಿ ಲಂಡನ್ನಿನ ಜಾನ್ ಸ್ನೋ, ಕಾಲರಾ ಬರುವುದು ಗಾಳಿಯಿಂದಲ್ಲ, ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿನಿಂದ ಅಂತ ತೋರಿಸಿಕೊಟ್ಟ. ದೊಡ್ಡ ಗೆಲುವು. ಅದಾದ ಮೇಲೆ 1910ರಲ್ಲಿ ಚಾರ್ಲ್ಸ್ ಚಾಪಿನ್ ಎಂಬ ಆರೋಗ್ಯಾಧಿಕಾರಿ, ಗಾಳಿಯ ಭಯ ಬಿಡಿ, ಮುಟ್ಟುವುದು ಮತ್ತು ಹತ್ತಿರದ ಹನಿಗಳೇ ಮುಖ್ಯ ಅಂತ ವಾದಿಸಿದ. ಗಾಳಿಯಿಂದ ರೋಗ ಅಂದರೆ ಜನ ಕೈ ತೊಳೆಯುವುದನ್ನೇ ಬಿಟ್ಟುಬಿಡುತ್ತಾರೆ ಅನ್ನುವ ಆತಂಕ ಅವನದು. ಆಮೇಲಿನ ಸುಮಾರು ನೂರು ವರ್ಷ, ಗಾಳಿಯಲ್ಲಿ ಹರಡುತ್ತದೆ ಅಂದವನು ಮೂಢನಂಬಿಕೆಯವನ ಹಾಗೆ ಕಾಣುತ್ತಿದ್ದ. ಕ್ಷಯ, ದಡಾರದಂಥ ಕೆಲವಕ್ಕೆ ಮಾತ್ರ ವಿನಾಯಿತಿ.

2020ರ ಅಕ್ಟೋಬರ್‌ನಲ್ಲಿ ಎರಡು ಬಹಿರಂಗ ಪತ್ರ ಬಂದವು. ಲಾಕ್‌ಡೌನ್ ಬೇಡ, ಅಪಾಯ ಇರುವವರನ್ನು ಮಾತ್ರ ಕಾಪಾಡಿ, ಉಳಿದವರು ಎಂದಿನಂತೆ ಇರಲಿ ಅಂದದ್ದು ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ. ಅದು ಅಪಾಯಕಾರಿ, ಸೋಂಕನ್ನು ತಡೆಯಲೇಬೇಕು ಅಂದ ಎದುರಿನವರು ತಮ್ಮ ಪತ್ರಕ್ಕೆ ಇಟ್ಟ ಹೆಸರು ಜಾನ್ ಸ್ನೋನದು! ನನಗೆ ನಗು ಬಂತು. ಎರಡು ಪತ್ರಗಳಲ್ಲಿ ನಾನು ಎರಡನೆಯದರ ಕಡೆ. ಅಜ್ಜ ಅಜ್ಜಿಯರು ಮಕ್ಕಳು ಮೊಮ್ಮಕ್ಕಳ ಜೊತೆ ಒಂದೇ ಸೂರಿನಡಿ ಉಸಿರಾಡುವಾಗ, ಅವರನ್ನು ಮಾತ್ರ ಬೇರೆ ಇಟ್ಟು ಕಾಪಾಡುವುದು ಹೇಗೆ ಅಂತ ಮೊದಲನೆಯವರು ನನಗೆ ಒಪ್ಪುವ ಹಾಗೆ ಹೇಳಲೇ ಇಲ್ಲ. ಆದರೂ ಗಾಳಿಯ ವಾದವನ್ನು ಸೋಲಿಸಿದವನ ಹೆಸರನ್ನೇ ಗಾಳಿಯ ರೋಗಕ್ಕೆ ಹುಡುಕಿಕೊಂಡರಲ್ಲ!

ಗಾಳಿಯ ಗುರುತು ಮಾತ್ರ ಶುರುವಿನಿಂದಲೂ ಕಾಣುತ್ತಲೇ ಇತ್ತು. 2020ರ ಜನವರಿ 24ರಂದು ಚೀನಾದ ಗುವಾಂಗ್‌ಝೌನ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬಗಳು ಊಟಕ್ಕೆ ಕೂತಿದ್ದವು. ಒಟ್ಟು 10 ಜನರಿಗೆ ಸೋಂಕು. ಒಂದೇ ಎಸಿ ಆ ಮೂರೂ ಮೇಜುಗಳ ಮೇಲೆ ಅದೇ ಗಾಳಿಯನ್ನು ತಿರುಗಿಸುತ್ತಿತ್ತು. ಬೇರೆ ಮೇಜಿನವರಿಗೆ, ಓಡಾಡುತ್ತಿದ್ದ ಸಪ್ಲೈಯರ್‌ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅಳೆದು ನೋಡಿದವರಿಗೆ ಸಿಕ್ಕಿದ್ದು ನನ್ನಂಥ ಮೆಕ್ಯಾನಿಕ್ ಮೊದಲು ನೋಡುವ ಜಾಗದಲ್ಲೇ. ಕಿಟಕಿ ಇಲ್ಲ, ಎಕ್ಸಾಸ್ಟ್ ಫ್ಯಾನ್ ಬಂದ್. ಒಬ್ಬರಿಗೆ ಸೆಕೆಂಡಿಗೆ ಸುಮಾರು 1 ಲೀಟರ್ ಹೊರಗಿನ ಗಾಳಿ ಸಿಗುತ್ತಿತ್ತು. ಇಂಥ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ 10 ಲೀಟರ್ ಇರಲಿ ಅಂದಿತು.

ಮಾರ್ಚ್ 10ರಂದು ಅಮೆರಿಕದ ಸ್ಕಾಜಿಟ್ ಕಣಿವೆಯಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61. ಕೈಗೆ ಸ್ಯಾನಿಟೈಸರ್ ಹಾಕಿಕೊಂಡಿದ್ದರು, ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲಿಲ್ಲ. ಆದರೂ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಕಾಯಿಲೆಯಿದ್ದ ಒಬ್ಬರು ಐವತ್ತು ಜನರ ಮುಖದ ಮೇಲೆ ಹನಿ ಹಾರಿಸಲು ಸಾಧ್ಯವಾ? ಸಿಗರೇಟು ಸೇದುವವನ ಪಕ್ಕ ಕೂತರೆ ಹೊಗೆ ಜಾಸ್ತಿ, ದೂರ ಕೂತರೆ ಕಡಿಮೆ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವನು ಎರಡೂವರೆ ಗಂಟೆ ಸೇದಿದರೆ ಮೂಲೆಯಲ್ಲಿದ್ದವನೂ ಕೆಮ್ಮುತ್ತಾನೆ. ಬಯಲಿನಲ್ಲಿ ಹೊಗೆ ಎಲ್ಲೋ ಹೋಗಿಬಿಡುತ್ತದೆ. ಇಷ್ಟು ಅರ್ಥವಾದರೆ ಯಾವ ನಿಯಮ ಸರಿ, ಯಾವುದು ಸುಮ್ನೆ ತೋರಿಕೆಗೆ ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು.

ಆದರೆ ನಡೆದದ್ದೇನು? ಸ್ಪೇನಿನಲ್ಲಿ ಮಾರ್ಚ್ ಮಧ್ಯದಿಂದ ಏಪ್ರಿಲ್ 26ರವರೆಗೆ ಚಿಕ್ಕ ಮಕ್ಕಳು ಅಡ್ಡಾಡಲೂ ಹೊರಗೆ ಬರುವ ಹಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ ಹುಡುಗರು ಸ್ಕೇಟಿಂಗ್ ಮಾಡುವ ಮೈದಾನಕ್ಕೆ ಮರಳು ತಂದು ಸುರಿದರು. ಎಷ್ಟೋ ಕಡೆ ರಸ್ತೆಗೆ, ಗೋಡೆಗೆ ಔಷಧಿ ಹೊಡೆದರು. ಹೊರಗೆ ಹಾಗೆ ಸಿಂಪಡಿಸಬೇಡಿ ಅಂತ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದರೂ ನಿಲ್ಲಲಿಲ್ಲ. ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಅಷ್ಟರಲ್ಲಿ ನಾವು ಹಾಲಿನ ಪ್ಯಾಕೆಟ್‌ಗೂ ಸೋಪು ಹಾಕಿ ತೊಳೆದಾಗಿತ್ತು. ಅಂತರದ ಕತೆಯಂತೂ ಕೇಳಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆಗೆ 1 ಮೀಟರ್, ಜರ್ಮನಿಗೆ ಒಂದೂವರೆ, ಬ್ರಿಟನ್ನಿಗೆ 2, ಅಮೆರಿಕಕ್ಕೆ 6 ಅಡಿ. ಗಡಿ ದಾಟಿದ ಕೂಡಲೇ ವೈರಸ್ಸಿನ ಕಾಲು ಉದ್ದವಾಗುತ್ತದಾ ಅಂತ ಜನ ಕೇಳಿದರೆ ಅದು ಮೂರ್ಖತನ ಅಲ್ಲ.

ಭಾವ ಎಡವಿದ್ದು ಇಲ್ಲೇ. ಪಾರ್ಕು ಮುಚ್ಚಿದ್ದು ಸುಳ್ಳು ಅಂತ ಗೊತ್ತಾದ ಮೇಲೆ ಮಾಸ್ಕೂ ಸುಳ್ಳು, ಲಸಿಕೆಯೂ ಸುಳ್ಳು ಇರಬೇಕು ಅನ್ನುವಲ್ಲಿಗೆ ಹೋದರು. ಒಂದು ನಿಯಮ ಪೊಳ್ಳು ಅಂತ ಕಂಡರೆ ಪಕ್ಕದ ಗಟ್ಟಿ ನಿಯಮದ ಮೇಲೂ ನಂಬಿಕೆ ಹೋಗುತ್ತದೆ. ಆ ನಷ್ಟದ ಪಾಲು ನಿಯಮ ಮಾಡಿದವರಿಗೂ ಸೇರಬೇಕು.

ಹಾಗಂತ ಲಾಕ್‌ಡೌನೇ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ರೋಗ ಹೇಗೆ ಹರಡುತ್ತದೆ ಅಂತ ಸರಿಯಾಗಿ ಗೊತ್ತಿಲ್ಲದಾಗ ಎಲ್ಲರನ್ನೂ ಎಲ್ಲರಿಂದ ದೂರ ಇಟ್ಟರೆ, ಹನಿಯಾದರೂ ಗಾಳಿಯಾದರೂ ಸೋಂಕು ತಗ್ಗಲೇಬೇಕು. ಆಸ್ಪತ್ರೆ ತುಂಬಿ ತುಳುಕುವಾಗ ಬೇರೆ ದಾರಿಯೂ ಇರಲಿಲ್ಲ. ನನ್ನ ತಕರಾರು ಆಮೇಲಿನದು. ಗೊತ್ತಾದ ಮೇಲೂ ಆ ಮೊದಲ ವಾರಗಳ ಒರಟು ಉಪಾಯವನ್ನೇ ಯಾಕೆ ಹಿಡಿದುಕೊಂಡರು? ಜಪಾನ್ ಆ ವರ್ಷ ವಸಂತದಲ್ಲೇ ಮೂರು ಮಾತಿನಲ್ಲಿ ಹೇಳಿ ಮುಗಿಸಿತ್ತು: ಗಾಳಿಯಾಡದ ಜಾಗ, ಜನಜಂಗುಳಿ, ಹತ್ತಿರ ನಿಂತು ಮಾತು, ಈ ಮೂರನ್ನು ತಪ್ಪಿಸಿ. ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮುಂದಾಳಾಗಿ 239 ವಿಜ್ಞಾನಿಗಳು ಗಾಳಿಯ ಬಗ್ಗೆ ಎಚ್ಚರಿಸಿದರು. ಸಾಧ್ಯತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಆಗ ಅಷ್ಟಕ್ಕಷ್ಟೇ ಒಪ್ಪಿತು. ಸ್ಪಷ್ಟವಾಗಿ ಬರೆದದ್ದು 2021ರ ಏಪ್ರಿಲ್ ಕೊನೆಗೆ. ಅಲ್ಲಿನ ಮುಖ್ಯ ವಿಜ್ಞಾನಿಯಾಗಿದ್ದ ಸೌಮ್ಯಾ ಸ್ವಾಮಿನಾಥನ್ 2022ರಲ್ಲಿ ಹುದ್ದೆ ಬಿಡುವಾಗ, ಇದನ್ನು ಇನ್ನೂ ಬೇಗ ಹೇಳಬೇಕಿತ್ತು ಅಂತ ಒಪ್ಪಿಕೊಂಡರು.

ತಡವಾದದ್ದು ಯಾಕೆ? ಹಳೆಯ ಪಾಠದ ಮೇಲಿನ ನಂಬಿಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ಕೆಲಸದಲ್ಲಿ ಕಣ್ಣಾರೆ ನೋಡಿದ್ದೇನೆ. ಕಚೇರಿ ಮತ್ತೆ ತೆರೆಯುವ ಮುಂಚೆ ಒಂದು ಕಟ್ಟಡಕ್ಕೆ ಕರೆದಿದ್ದರು. ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್, ನೆಲದ ಮೇಲೆ ಬಣ್ಣದ ವೃತ್ತಗಳು, ಮೇಜು ಮೇಜಿನ ನಡುವೆ ಪ್ಲಾಸ್ಟಿಕ್ ಪರದೆ. ಪರದೆಯಿಂದ ಗಾಳಿ ಹರಿಯುವುದಕ್ಕೇ ಅಡ್ಡಿ ಅಂತ ಹೇಳಿದೆ. ಮೇಲೆ ಹತ್ತಿ ನೋಡಿದರೆ ಹೊರಗಿನ ಗಾಳಿ ತರುವ ಡ್ಯಾಂಪರ್ ಹೆಚ್ಚುಕಮ್ಮಿ ಮುಚ್ಚಿತ್ತು. ಕರೆಂಟ್ ಬಿಲ್ ಉಳಿಸಲು ಹೀಗೆ ಮುಚ್ಚಿಡುವುದು ನಾನು ನೋಡಿದ ಕಟ್ಟಡಗಳಲ್ಲಿ ಹೊಸದೇನಲ್ಲ. ಅದನ್ನು ತೆಗೆಸಿ, ಒಳ್ಳೆಯ ಫಿಲ್ಟರ್ ಹಾಕಿಸಿ ಅಂದೆ. ಅಲ್ಲಿನ ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು, "ಬಿಲ್ ಜಾಸ್ತಿ ಬರುತ್ತೆ ಸರ್. ಮೇಲಾಗಿ ಇದು ಯಾರ ಕಣ್ಣಿಗೂ ಕಾಣಲ್ಲ" ಅಂದರು. ಎಷ್ಟು ಪ್ರಾಮಾಣಿಕ ಉತ್ತರ!

ಕೈ ತೊಳೆಯುವುದು, ದೂರ ನಿಲ್ಲುವುದು ಜನರ ತಲೆಗೆ ಹಾಕುವ ಜವಾಬ್ದಾರಿ. ಕಾಯಿಲೆ ಬಂದರೆ ನೀನು ಸರಿಯಾಗಿ ಪಾಲಿಸಿಲ್ಲ ಅಂದುಬಿಡಬಹುದು. ಗಾಳಿ ಹಾಗಲ್ಲ. ಅದು ಕಟ್ಟಡದ ಮಾಲೀಕರ, ಶಾಲೆ ನಡೆಸುವವರ, ಆಸ್ಪತ್ರೆಯವರ ಖರ್ಚು. ಅಕ್ಕನಿಗೆ ಎನ್‌95 ಕೊಡದೆ ಇದ್ದದ್ದು ಕೊರತೆಯಿಂದ ಮಾತ್ರ ಅಂತ ನಾನು ನಂಬುವುದಿಲ್ಲ. ಗಾಳಿಯಿಂದ ಹರಡುತ್ತದೆ ಅಂತ ಒಪ್ಪಿದ ದಿನವೇ ಪ್ರತಿ ವಾರ್ಡಿಗೂ ಕೊಡಬೇಕಾಗುತ್ತಿತ್ತು. ಪರ ವಿರೋಧದ ಗದ್ದಲದಲ್ಲಿ ಈ ಖರ್ಚಿನ ಪ್ರಶ್ನೆ ಬಚಾವಾಯಿತು.

ಈಗ ಭಾವನ ಜಿಮ್ಮಿನ ಗೋಡೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಇದೆ. ನಾನೇ ಹಾಕಿಕೊಟ್ಟದ್ದು. ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಆಸುಪಾಸು ಇರುತ್ತದೆ, ಒಳಗೆ ಜನರ ಉಸಿರು ತುಂಬಿದಷ್ಟೂ ಏರುತ್ತದೆ. ಮೊದಲ ಸಂಜೆ 2,000 ದಾಟಿದ್ದು ನೋಡಿ ಭಾವ ಗಾಬರಿಯಾದರು. ಎರಡು ಎಕ್ಸಾಸ್ಟ್ ಫ್ಯಾನ್ ಕೂರಿಸಿದರು. 1,000 ದಾಟಿದರೆ ಎಸಿ ಓಡುತ್ತಿದ್ದರೂ ಸರಿ, ಕಿಟಕಿ ತೆಗೆಯಲೇಬೇಕು ಅಂತ ಬೋರ್ಡು ಬರೆಸಿದರು. ಬರುವ ಹುಡುಗರು, ಸೆಕೆ ಆಗುತ್ತೆ, ಏನ್ ಸಾರ್ ಇದು ಕಿರಿಕಿರಿ ಅಂತ ಗೊಣಗುತ್ತಾರಂತೆ.

"ಬೇಡದವರು ಮನೆಗೆ ಹೋಗ್ಲಿ ಅಂತೀನಿ" ಅಂತ ಮೊನ್ನೆ ಭಾವ ಹೇಳಿದರು. ಅಕ್ಕ ತಲೆ ಎತ್ತದೆ, "ನಾವೂ ಅದನ್ನೇ ಅಂದಿದ್ವಿ" ಅಂದಳು.